ರುಜುವಾತಿನ ಭಾರ

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯಲ್ಲಿ, ಕಾಫಿಯ ಕೊಯ್ಲು ಮುಗಿಯುತ್ತ ಬಂದಿದ್ದ ದಿನಗಳಲ್ಲಿ, ಬಹುಕಾಲದಿಂದ ಬೇಲೂರಿನ ನ್ಯಾಯಾಲಯದಲ್ಲಿ ವಕೀಲಿ ನಡೆಸುತ್ತಿರುವ ಹಿರಿಯರೊಬ್ಬರಿಗೂ, ಕಾನೂನು ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿರುವ ಅವರ ಸೋದರ ಸೊಸೆಗೂ ನಡೆದ ಸಂವಾದವಿದು. ವಲಸೆ ಮತ್ತು ಪೌರತ್ವದ ಕಾನೂನನ್ನು ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಕಲಿಸುವುದಕ್ಕಾಗಿ ಆಕೆ ಬರೆದಿದ್ದ ಪಾಠಯೋಜನೆಯ ಕರಡು ಇಬ್ಬರ ನಡುವೆ ಇತ್ತು.

ವಕೀಲರು: ಕರಡನ್ನು ಸಾವಧಾನವಾಗಿ ಓದಿದೆನಮ್ಮಾ. ಈ ವಿಷಯವನ್ನು ಕಲಿಸಬೇಕೆಂಬುದರಲ್ಲಿ ನನಗೆ ಆಕ್ಷೇಪವಿಲ್ಲ. ಕಲಿಸುವುದಕ್ಕೆ ನೀನು ಆರಿಸಿಕೊಂಡ ಸ್ಥಳ ಮಾತ್ರ ನನಗೆ ಅರ್ಥವಾಗಲಿಲ್ಲ. ಪರದೇಶದವರು ಬರುವುದೂ ಹೋಗುವುದೂ ಬಂದರಿನಲ್ಲಿ, ವಿಮಾನ ನಿಲ್ದಾಣದಲ್ಲಿ. ಅವರ ನೋಂದಣಿಯ ದೊಡ್ಡ ಕಚೇರಿ ಇರುವುದು ಬೆಂಗಳೂರಿನಲ್ಲಿ. ಇನ್ನು ನಮ್ಮ ಮಕ್ಕಳೇ ಪರದೇಶಿಗಳಾಗಿ ಅಮೆರಿಕದ ಗ್ರೀನ್ ಕಾರ್ಡಿಗಾಗಿ ವರ್ಷಾನುಗಟ್ಟಲೆ ಕಾದಿರುವ ಕಥೆಯನ್ನು ಹೇಳಬಲ್ಲ ತಂದೆತಾಯಿಗಳು ಹಾಸನದ ಬಡಾವಣೆಗಳಲ್ಲಿ ಬೇಕಾದಷ್ಟು ಮಂದಿ ಸಿಕ್ಕುತ್ತಾರೆ. ಇವೆಲ್ಲವನ್ನೂ ಬಿಟ್ಟು, ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದು ನಮ್ಮ ಕಾಫಿ ತೋಟಗಳಲ್ಲಿ ಆಳುಗಳಿರುವ ಲೈನುಮನೆಗಳ ಮುಂದೆ ಇಳಿಸುತ್ತೇನೆಂದು ಬರೆದಿದ್ದೀಯಲ್ಲ, ಏಕೆ?

ಅಧ್ಯಾಪಕಿ: ಈ ಕಾನೂನು ಯಾರ ಮೇಲೆ ಅತ್ಯಂತ ಭಾರವಾಗಿ ಬೀಳುತ್ತದೆಯೋ ಅವರು ಇಲ್ಲಿದ್ದಾರೆ ಮಾವ, ಅದಕ್ಕೆ. ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಆಳುಗಳು ಬರುತ್ತಿದ್ದ ತೋಟಗಳಿಗೆ ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ, ಬಂಗಾಳದಿಂದ ಸಂಸಾರ ಸಮೇತರಾಗಿ ಜನ ಬರುತ್ತಿದ್ದಾರೆ. ಸಂವಿಧಾನದ 19ನೆಯ ವಿಧಿಯು ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲಸುವ ಸ್ವಾತಂತ್ರ್ಯವನ್ನು ನಮ್ಮಂತೆಯೇ ಈ ದೇಶದ ಪೌರರಾದ ಅವರಿಗೂ ಕೊಟ್ಟಿದೆ. ಆದರೂ ಅವರ ಮಾತು ಕಿವಿಗೆ ಬಿದ್ದೊಡನೆ, ಇವರು ಬಾಂಗ್ಲಾದೇಶದವರಿರಬಹುದೇ ಎಂಬ ಶಂಕೆ ಮೊದಲು ಹುಟ್ಟುತ್ತದೆ, ವಿಚಾರಣೆ ಆಮೇಲೆ ಬರುತ್ತದೆ. ತೋಟದ ರೈಟರು ಎಲ್ಲರ ಆಧಾರ್ ಕಾರ್ಡಿನ ಜೆರಾಕ್ಸು ಒಟ್ಟುಮಾಡಿ ಠಾಣೆಗೆ ಕೊಟ್ಟು ಬರುತ್ತಾರೆ. ಆಧಾರ್ ಎಂಬುದು ಪೌರತ್ವಕ್ಕೆ ಸಾಕ್ಷ್ಯವಲ್ಲವೆಂದು 2016ರ ಆ ಕಾಯಿದೆಯೇ ಹೇಳುತ್ತದೆಂಬುದು ಕೊಟ್ಟವರಿಗೂ ತಿಳಿಯದು, ಅನೇಕ ವೇಳೆ ತೆಗೆದುಕೊಂಡವರಿಗೂ ತಿಳಿಯದು.

ವಕೀಲರು: ಶಂಕೆಗೆ ಕಾರಣವೇ ಇಲ್ಲವೆಂದು ನಾನು ಹೇಳಲಾರೆ. ಗಡಿ ದಾಟಿ ಬಂದವರೂ ಇದ್ದಾರೆ. ಅಂಥವರ ಮೇಲೆ ಹೂಡಿದ ಮೊಕದ್ದಮೆಗಳನ್ನು ಈ ರಾಜ್ಯದ ನ್ಯಾಯಾಲಯಗಳು ನಡೆಸಿವೆ. ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ ವಿದೇಶೀಯರನ್ನು ಇರಿಸುವ ಕೇಂದ್ರವೊಂದನ್ನು ಸರ್ಕಾರ ತೆರೆದದ್ದೂ ಅದಕ್ಕಾಗಿಯೇ. ತನ್ನ ನೆಲದ ಮೇಲೆ ಯಾರಿದ್ದಾರೆಂದು ಅರಿಯುವ ಅಧಿಕಾರ ರಾಜ್ಯಕ್ಕೆ ಬೇಡವೆ?

ಅಧ್ಯಾಪಕಿ: ಖಂಡಿತವಾಗಿ ಬೇಕು, ಮತ್ತು ಅದು ಸರಿಯಾಗಿ ಅರಿಯಬೇಕು. ಪೌರನನ್ನು ಪರದೇಶಿಯೆಂದು ಬಗೆದು ಹಿಡಿದರೆ ರಾಜ್ಯವು ಏನನ್ನೂ ಅರಿತಂತಾಗಲಿಲ್ಲ. ಮಿಕ್ಕ ನ್ಯಾಯವಿಚಾರಣೆಗಳಲ್ಲಿ ಒಂದು ಸಂಗತಿ ಉಂಟೆಂದು ಯಾರು ಸಾಧಿಸುತ್ತಾರೆಯೋ ಅವರೇ ಅದನ್ನು ರುಜುವಾತು ಪಡಿಸಬೇಕೆಂದು ನೀವು ನನಗೆ ನಾನು ಕಾಲೇಜು ಸೇರುವ ಮೊದಲೇ ಹೇಳಿಕೊಟ್ಟಿರಿ. ಈ ಕಾನೂನಿನಲ್ಲಿ ಅದು ತಲೆಕೆಳಗಾಗಿದೆ. 1946ರ ವಿದೇಶೀಯರ ಕಾಯಿದೆಯ 9ನೆಯ ಪ್ರಕರಣವು, ತಾನು ವಿದೇಶೀಯನಲ್ಲವೆಂದು ತೋರಿಸಿಕೊಡುವ ಭಾರವನ್ನು ಆ ಮನುಷ್ಯನ ಮೇಲೆಯೇ ಹೊರಿಸಿತು. 2005ರಲ್ಲಿ ಸರ್ಬಾನಂದ ಸೋನೋವಾಲರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಸ್ಸಾಮಿಗೆಂದು 1983ರಲ್ಲಿ ಮಾಡಿದ್ದ ಬೇರೆ ಕಾನೂನನ್ನು ರದ್ದುಗೊಳಿಸಿ, ಆ ಭಾರವನ್ನು ಅಲ್ಲಿಯೂ ಸ್ಥಿರಪಡಿಸಿತು. 1920, 1939, 1946 ಮತ್ತು 2000ನೆಯ ಇಸವಿಗಳ ನಾಲ್ಕು ಕಾಯಿದೆಗಳನ್ನು ತೆಗೆದುಹಾಕಿ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆಯೂ ಅದನ್ನು ಹಾಗೆಯೇ ಉಳಿಸಿಕೊಂಡಿದೆ. ಕಾಗದಪತ್ರಗಳು ಯಾರ ಬಳಿ ಅತ್ಯಂತ ಕಡಮೆಯೋ, ಓದು ಯಾರಿಗೆ ಬಾರದೋ, ಅವರೇ ಕಾಗದದಿಂದ ಸಾಧಿಸಬೇಕು. ಹೀಗಿರುವಲ್ಲಿ ವಕೀಲನಾದವನು ಮಾಡಬೇಕಾದ ಮೊದಲ ಕೆಲಸ ವಾದವೇ?

ವಕೀಲರು: ಅಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನ ಕೊಯ್ಲಿನಲ್ಲಿ ಇಲ್ಲಿಯ ತೋಟವೊಂದರ ಲೈನಿನಿಂದ ಅಸ್ಸಾಮಿನ ಒಬ್ಬ ಹೆಂಗಸು ಗಂಡನೊಡನೆ ನನ್ನ ಜಗಲಿಗೆ ಬಂದಳು. ಕಂಕುಳಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಕಾಗದದ ಕಟ್ಟು. 1966ರ ಮತದಾರರ ಪಟ್ಟಿಯ ದೃಢೀಕೃತ ನಕಲಿನಲ್ಲಿ ತಂದೆಯ ಹೆಸರು. ಮದುವೆಯಾದ ಮೇಲಿನ ಪಟ್ಟಿಯಲ್ಲಿ ಗಂಡನ ಹೆಸರಿನೊಡನೆ ಆಕೆಯ ಹೆಸರು. ಈಕೆ ಆ ತಂದೆಯ ಮಗಳೆಂದು ಅಲ್ಲಿಯ ಪಂಚಾಯತಿ ಕಾರ್ಯದರ್ಶಿ ಕೊಟ್ಟ ಪತ್ರ, ಅದರ ಮೊಹರಿನ ಶಾಯಿ ಥಂಡಿಗೆ ಹರಡಿಹೋಗಿತ್ತು. ತಂದೆಯ ಹೆಸರಿನ ಕೊನೆಯ ಅಕ್ಷರ ಒಂದು ಕಡೆ ಒಂದು ತೆರ, ಇನ್ನೊಂದು ಕಡೆ ಇನ್ನೊಂದು ತೆರ. ಒಂದು ಪಟ್ಟಿಯಲ್ಲಿ ಆಕೆಯ ವಯಸ್ಸು 26. ನಾಲ್ಕು ವರ್ಷದ ತರುವಾಯದ ಪಟ್ಟಿಯಲ್ಲಿ 35. ಅಕ್ಷರವೊಂದೂ ಬಾರದ ಆಕೆ ಪ್ರತಿಯೊಂದು ಕಾಗದವನ್ನೂ ಅದರ ಮಡಿಕೆಯಿಂದ, ಕಲೆಯಿಂದ ಗುರುತಿಸಿ, ಇದು ಅಪ್ಪನದು, ಇದು ನನ್ನದು ಎಂದು ಬೆಂಚಿನ ಮೇಲೆ ಒಂದೊಂದಾಗಿ ಇಡುತ್ತ ಹೋದಳು. ನಾನು ಬಹಳ ಹೊತ್ತು ಪೊಲೀಸರ ವಿಷಯವನ್ನೇ ಕೇಳುತ್ತಿದ್ದೆ. ಗಂಡನಿಗೆ ಬರುತ್ತಿದ್ದ ಅಲ್ಪಸ್ವಲ್ಪ ಕನ್ನಡದ ಮೂಲಕ ಆಕೆ ವಿನಯದಿಂದ ಉತ್ತರ ಕೊಡುತ್ತಿದ್ದಳು. ಊರಿನಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ಮಾತ್ರ, ತಮ್ಮ ಫೋನು ಮಾಡಿದ್ದನೆಂದೂ, ಬಾಗಿಲಿಗೆ ಯಾವುದೋ ನೋಟೀಸು ಅಂಟಿಸಿ ಹೋಗಿದ್ದಾರೆಂದೂ ಹೊರಬಿದ್ದಿತು.

ಅಧ್ಯಾಪಕಿ: ವಿದೇಶೀಯರ ನ್ಯಾಯಮಂಡಳಿಯ ನೋಟೀಸು.

ವಕೀಲರು: ಅದೇ. ಹಾಜರಾಗಬೇಕಾದ ದಿನ ಹತ್ತಿರ ಬಂದಿತ್ತು. ಆಕೆ ಇಲ್ಲಿ ಹಣ್ಣು ಬಿಡಿಸುತ್ತಿರುವಾಗ ಅಲ್ಲಿ ಏಕಪಕ್ಷೀಯವಾಗಿ, ನೀನು ಈ ದೇಶದವಳಲ್ಲವೆಂದು ತೀರ್ಮಾನವಾಗಿಬಿಡುತ್ತಿತ್ತು. ಕಾಗದಗಳನ್ನು ಅನುಕ್ರಮವಾಗಿ ಜೋಡಿಸಿ, ಪ್ರತಿಯೊಂದರ ವಿವರವನ್ನೂ ಬರೆದು, ಆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಪತ್ರ ಮಾಡಿಕೊಟ್ಟೆ. ಮೇಸ್ತ್ರಿಯ ಹತ್ತಿರ ತೆಗೆದುಕೊಂಡ ಮುಂಗಡ ಇನ್ನೂ ತೀರಿರಲಿಲ್ಲ; ಆದರೂ ಕೊಯ್ಲನ್ನು ಅರ್ಧಕ್ಕೆ ಬಿಟ್ಟು ಗಂಡಹೆಂಡಿರಿಬ್ಬರೂ ಹೊರಟುಹೋದರು.

ಅಧ್ಯಾಪಕಿ: ನನ್ನ ವಿದ್ಯಾರ್ಥಿಗಳು ಆ ಬೆಂಚಿನ ಬಳಿ ಇರಬೇಕಾಗಿತ್ತೆಂದು ನನಗೆ ಅನಿಸುತ್ತದೆ. ಪೌರತ್ವದ ಕಾಯಿದೆಯನ್ನು ಅವರು ಬಾಯಿಪಾಠವಾಗಿ ಹೇಳಬಲ್ಲರು: 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು, ಅಲ್ಲಿಂದಾಚೆಗೆ 2004ರ ಡಿಸೆಂಬರಿನವರೆಗೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು, ಅದಾದ ಮೇಲೆ ಹುಟ್ಟಿದವರಿಗೆ ಇನ್ನೊಬ್ಬರು ಅಕ್ರಮ ವಲಸೆಗಾರರಾಗಿರಕೂಡದು, ಅಸ್ಸಾಮಿಗೆ ಮಾತ್ರ 1985ರಲ್ಲಿ ಸೇರಿಸಿದ 6ಎ ಪ್ರಕರಣ, 1971ರ ಮಾರ್ಚಿ 25ರ ಗಡುವು. ಈ ತಾರೀಖುಗಳು ಬರಿಯ ಅಂಕಿಗಳಲ್ಲವೆಂಬುದು ನಮ್ಮ ನಾಡಿನಲ್ಲಿಯೇ ತೋರಿಬಂದಿದೆ. ಬೈಲಕುಪ್ಪೆಯಂಥ ನೆಲೆಗಳಲ್ಲಿ ಹುಟ್ಟಿ ಬೆಳೆದ ಟಿಬೆಟನ್ನರು ಬಹುಕಾಲ ಪರದೇಶಿಗಳ ನೋಂದಣಿ ಚೀಟಿಯನ್ನೇ ಹಿಡಿದುಕೊಂಡಿದ್ದರು. ಮೊದಲನೆಯ ಕಾಲಾವಧಿಯಲ್ಲಿ ಹುಟ್ಟಿದವರು ಪೌರರೇ ಎಂದು 2010ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಹೇಳಿತು, 2013ರಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವೂ ಅದೇ ದಾರಿಯಲ್ಲಿ ನಡೆಯಿತು. ಇಷ್ಟೆಲ್ಲವನ್ನೂ ವಿದ್ಯಾರ್ಥಿ ಬರೆಯಬಲ್ಲ. ಆದರೆ ವಯಸ್ಸು 26 ಮತ್ತು 35 ಎಂದಿರುವ ಎರಡು ಪಟ್ಟಿಗಳನ್ನು ಅವನ ಮುಂದಿಟ್ಟರೆ ಏನು ಮಾಡಬೇಕೆಂದು ತೋಚದೆ ಕೂರುತ್ತಾನೆ.

ವಕೀಲರು: 2024ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೈಯಲ್ಲಿ ಯಾವ ಆಧಾರವೂ ಇಲ್ಲದೆ ಯಾರನ್ನೋ ಕರೆದು ನೀನು ಪೌರನೆಂದು ಸಾಧಿಸು ಎನ್ನುವುದು ಸಲ್ಲದೆಂದೂ, ಹೆಸರಿನ ಕಾಗುಣಿತದಲ್ಲಿಯೂ ತಾರೀಖಿನಲ್ಲಿಯೂ ಕಾಣುವ ಅಲ್ಪ ವ್ಯತ್ಯಾಸಗಳಿಂದ ಒಬ್ಬನ ಪೌರತ್ವ ಕಳೆಯಬಾರದೆಂದೂ ತೀರ್ಪು ಕೊಟ್ಟಿತಷ್ಟೆ?

ಅಧ್ಯಾಪಕಿ: ಕೊಟ್ಟಿತು, ಆದರೆ ಆ ಮೊಕದ್ದಮೆಯ ಮನುಷ್ಯ ಅಲ್ಲಿಯವರೆಗೆ ಹೋಗಲು ಹನ್ನೆರಡು ವರ್ಷ ಹಿಡಿಯಿತು, ತೀರ್ಪು ಬರುವಷ್ಟರಲ್ಲಿ ಆತ ಬದುಕಿರಲಿಲ್ಲ. ನ್ಯಾಯಮಂಡಳಿಯ ಮುಂದೆ ಮೊದಲ ದಿನವೇ ಆ ವ್ಯತ್ಯಾಸ ಹೇಗೆ ಬಂದಿತೆಂಬುದನ್ನು ತಾಳ್ಮೆಯಿಂದ ಕೇಳಿ ಬರೆದಿಡುವ ಒಬ್ಬರು ಬೇಕು. ಪಟ್ಟಿ ಬರೆಯಲು ಬಂದವನಿಗೆ ವಯಸ್ಸು ಹೇಳಿದವರಾರು? ಆಕೆಯೋ, ಮಾವನೋ, ನೆರೆಯವರೋ? ಮಗಳು ಹುಟ್ಟಿದ್ದು ಯಾವ ಪ್ರವಾಹದ ವರ್ಷ? ಇಂಥ ಪ್ರಶ್ನೆಗಳನ್ನು ಕೇಳುವ ಕಲೆಯನ್ನು ನಾವು ಎಲ್ಲಿ ಕಲಿಸುತ್ತೇವೆ? ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ನಾಲ್ಕು ಪ್ರಾಯೋಗಿಕ ವಿಷಯಗಳು ಕಡ್ಡಾಯವಾಗಿವೆ, ಕರಡು ಬರೆಯುವುದು ಮೊದಲಾಗಿ ಅಣಕು ನ್ಯಾಯಾಲಯದವರೆಗೆ. ಆ ಕೊನೆಯ ವಿಷಯದ ನೂರು ಅಂಕಗಳಲ್ಲಿ ಕಕ್ಷಿದಾರರೊಡನೆ ವಕೀಲರು ನಡೆಸುವ ಎರಡು ಸಂದರ್ಶನಗಳನ್ನು ನೋಡಿ ದಿನಚರಿಯಲ್ಲಿ ಬರೆಯುವುದಕ್ಕೆ ಹದಿನೈದು ಅಂಕ. ನೋಡುವುದಕ್ಕೆ ಅಂಕವಿದೆ, ಕೇಳುವುದಕ್ಕಿಲ್ಲ.

ವಕೀಲರು: ಆ ದಿನಚರಿಗಳಿಗೆ ಸಹಿ ಹಾಕಿಕೊಡಿ ಎಂದು ನನ್ನ ಬಳಿಗೂ ಬರುತ್ತಾರೆ. ಮೂರು ವರ್ಷದ ತರಗತಿಯವರಿಗೆ ಹನ್ನೆರಡು ವಾರ, ಐದು ವರ್ಷದವರಿಗೆ ಇಪ್ಪತ್ತು ವಾರ ಇಂಟರ್ನ್‌ಶಿಪ್ ಇರಬೇಕಂತೆ. ಬಂದ ಹುಡುಗರು ಹಿಂದಿನ ವರ್ಷದವರ ಪುಸ್ತಕವನ್ನು ನೋಡಿಕೊಂಡು ಬರೆದಿರುತ್ತಾರೆ. ಕಕ್ಷಿದಾರನ ಊರು ಬೇರೆ, ದಾವಾ ಅದೇ. ಸಹಿ ಹಾಕಲು ನನ್ನ ಕೈ ಏಳುವುದಿಲ್ಲ. ಅವರಲ್ಲಿ ಬುದ್ಧಿವಂತರಿದ್ದಾರೆ ಎಂಬುದೇ ನನ್ನ ವ್ಯಥೆ.

ಅಧ್ಯಾಪಕಿ: ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಆರಂಭಿಸಿದ ಮಾಧವ ಮೆನನ್ನರು ಈ ಕೊರತೆಯನ್ನು ತುಂಬುವುದಕ್ಕಾಗಿ ತಮ್ಮ ಆಯುಷ್ಯದ ಬಹುಭಾಗವನ್ನು ಸವೆಸಿದರು. ಅಮೆರಿಕದಲ್ಲಿ 1933ರಷ್ಟು ಹಿಂದೆಯೇ ಜೆರೋಮ್ ಫ್ರಾಂಕ್ ಎಂಬವರು, ವೈದ್ಯ ವಿದ್ಯಾರ್ಥಿ ರೋಗಿಯ ಮಗ್ಗುಲಲ್ಲಿ ಕಲಿಯುವಂತೆ ಕಾನೂನಿನ ವಿದ್ಯಾರ್ಥಿ ಕಕ್ಷಿದಾರನ ಮಗ್ಗುಲಲ್ಲಿ ಏಕೆ ಕಲಿಯಬಾರದೆಂದು ಕೇಳಿದ್ದರು. ಅಲ್ಲಿ ಈಗ ಅನೇಕ ಕಾನೂನು ಶಾಲೆಗಳಲ್ಲಿ ವಲಸೆಯ ಕಾನೂನಿಗೆಂದೇ ನೆರವಿನ ಕೇಂದ್ರಗಳಿವೆ. ದೇಶದಿಂದ ಹೊರಹಾಕುವ ವಿಚಾರಣೆಯಲ್ಲಿ ಆ ಸರ್ಕಾರವು ತನ್ನ ವೆಚ್ಚದಿಂದ ವಕೀಲನನ್ನು ಕೊಡುವುದಿಲ್ಲ. ಆ ಎಡೆಯಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನ್ಯಾಯಾಧೀಶರ ಮುಂದೆಯೇ ನಿಂತು ಮಾತನಾಡಬಹುದು. ಅಲ್ಲಿ ನೆಲಸಿರುವ ನಮ್ಮ ಕನ್ನಡದ ಮನೆಗಳವರಿಗೆ ದುಬಾರಿ ವಕೀಲರನ್ನು ಇಡುವ ಶಕ್ತಿ ಇರುವುದುಂಟು. ಅದಿಲ್ಲದ ಇತರರಿಗೆ ಈ ಕೇಂದ್ರಗಳೇ ಗತಿ.

ವಕೀಲರು: ಇಲ್ಲಿಯೇ ನನ್ನ ಮುಖ್ಯ ಆಕ್ಷೇಪವಿರುವುದು, ಅದನ್ನು ನೀನು ಹಗುರವಾಗಿ ತೆಗೆದುಕೊಳ್ಳಬೇಡ. ಹಣವುಳ್ಳವನಿಗೆ ಹಿರಿಯ ವಕೀಲ, ಲೈನುಮನೆಯವನಿಗೆ ಕಲಿಯುತ್ತಿರುವ ಹುಡುಗ. ಇದು ಬಡವನ ಬದುಕಿನ ಮೇಲೆ ಕೈ ಪಳಗಿಸಿಕೊಳ್ಳುವುದಾಗಲಿಲ್ಲವೆ? ಹೊಲದ ವ್ಯಾಜ್ಯದಲ್ಲಿ ತಪ್ಪಿದರೆ ಒಂದು ಗುಂಟೆ ಹೋದೀತು. ಇಲ್ಲಿ ತಪ್ಪಿದರೆ ದೇಶವೇ ಹೋಗುತ್ತದೆ. ವಿದ್ಯಾರ್ಥಿಯೊಬ್ಬ ಆ ಹೆಂಗಸಿನ ಹುಟ್ಟಿದ ವರ್ಷವನ್ನು ತನ್ನ ದಿನಚರಿಯಲ್ಲಿ ತಪ್ಪಾಗಿ ಬರೆದುಕೊಂಡನೆಂದಿಟ್ಟುಕೋ. ವಕೀಲನೊಡನೆ ಆಡಿದ ಮಾತು ಗೋಪ್ಯವೆಂಬ ರಕ್ಷಣೆ ಸಾಕ್ಷ್ಯದ ಕಾನೂನಿನಲ್ಲಿ ವಕೀಲನಿಗಿದೆ, ಅವನ ಗುಮಾಸ್ತನಿಗಿದೆ, ದುಭಾಷಿಗಿದೆ. ಕಾಲೇಜಿನ ವಿದ್ಯಾರ್ಥಿಗೆ ಎಲ್ಲಿದೆ? ಆ ದಿನಚರಿ ನಾಳೆ ಯಾರದಾದರೂ ಕೈಗೆ ಸಿಕ್ಕಿ, ರುಜುವಾತಿನ ಭಾರ ಹೊತ್ತವಳ ತಲೆಯ ಮೇಲೆ ಇನ್ನೊಂದು ಕಲ್ಲಾಗುವುದಿಲ್ಲವೆ?

ಅಧ್ಯಾಪಕಿ: ಆ ರಕ್ಷಣೆಯ ಮಾತು ಯೋಜನೆಯ ಮೊದಲ ಪುಟದಲ್ಲಿ ಬರಬೇಕಾದುದು. ವಿದ್ಯಾರ್ಥಿಗಳು ಬರುವುದು ಕಾಲೇಜಿನ ಪ್ರವಾಸಿಗಳಾಗಿ ಅಲ್ಲ, ಒಬ್ಬ ವಕೀಲರ ಕಚೇರಿಗೆ ಲಿಖಿತವಾಗಿ ಸೇರಿಕೊಂಡ ಸಹಾಯಕರಾಗಿ; ಟಿಪ್ಪಣಿಗಳು ಆ ಕಚೇರಿಯ ಕಡತದಲ್ಲಿಯೇ ಉಳಿಯಬೇಕು, ಕಾಲೇಜಿಗೆ ಒಪ್ಪಿಸುವ ದಿನಚರಿಯಲ್ಲಿ ಹೆಸರಾಗಲಿ ಊರಾಗಲಿ ಇರಕೂಡದು. ಇನ್ನು ಹಿರಿಯ ವಕೀಲನ ಬದಲಿಗೆ ಹುಡುಗ ಎಂದಿರಿ. ಆ ಮನೆಗಳವರಿಗೆ ಈಗ ಸಿಕ್ಕುತ್ತಿರುವುದು ಹಿರಿಯ ವಕೀಲನೂ ಅಲ್ಲ, ಹುಡುಗನೂ ಅಲ್ಲ, ಯಾರೂ ಇಲ್ಲ. ಉಚಿತ ನೆರವಿಗೆ ಸಂವಿಧಾನದ 39ಎ ವಿಧಿಯಿದೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಿದೆ, ಬೇಲೂರಿನಲ್ಲಿ ತಾಲ್ಲೂಕು ಸಮಿತಿಯಿದೆ. ಹೆಂಗಸರಿಗೆ ಆದಾಯದ ಮಿತಿಯೂ ಇಲ್ಲ. ಆದರೆ ಆ ಬಾಗಿಲವರೆಗೆ ಹೋಗುವುದಕ್ಕೆ ಅಂಥ ಬಾಗಿಲೊಂದಿದೆಯೆಂದು ತಿಳಿದಿರಬೇಕು. ಹೋದ ಮೇಲೆ ಕಟ್ಟನ್ನು ಬಿಚ್ಚಿ ಕುಳಿತು ಕೇಳುವ ವೇಳೆ ಯಾರಿಗಾದರೂ ಇರಬೇಕು. ವಿದ್ಯಾರ್ಥಿಯ ಬಳಿ ಇರುವ ಒಂದೇ ಸಂಪತ್ತು ವೇಳೆ. ಅವನು ಸಲಹೆ ಕೊಡುವುದು ಬೇಡ, ಭರವಸೆ ಕೊಡುವುದು ಬೇಡ; ಕೇಳಲಿ, ಜೋಡಿಸಲಿ, ಬರೆಯಲಿ, ಬರೆದುದನ್ನು ಅವರ ಭಾಷೆಯಲ್ಲಿ ಅವರಿಗೆ ಓದಿ ಹೇಳಿಸಲಿ. ತೀರ್ಮಾನ ನಿಮ್ಮಂಥವರದು.

ವಕೀಲರು: ನನ್ನಂಥವರದೇ ಏಕೆ? ನೀನು ಕಾನೂನಿನಲ್ಲಿ ನನಗಿಂತ ಹೆಚ್ಚು ಓದಿದವಳು.

ಅಧ್ಯಾಪಕಿ: ಓದಿದ್ದೇನೆ, ಆದರೆ ನಿಲ್ಲಲಾರೆ. ಪೂರ್ಣಾವಧಿ ಸಂಬಳದ ಕೆಲಸದಲ್ಲಿರುವವರು ವಕೀಲಿ ನಡೆಸಕೂಡದೆಂಬುದು ಪರಿಷತ್ತಿನ ನಿಯಮ; ಅಧ್ಯಾಪಕಿಯಾದ ದಿನವೇ ನನ್ನ ಸನದು ಮೂಲೆ ಸೇರಿತು. ಶರೀರಶಾಸ್ತ್ರವನ್ನು ಬೋಧಿಸುವವನು ನಾಡಿ ಮುಟ್ಟಬಾರದೆಂದರೆ ಹೇಗೋ ಹಾಗಿದೆ ನಮ್ಮ ಸ್ಥಿತಿ. ಈ ದೇಶದಲ್ಲಿ ಪ್ರಾಯೋಗಿಕ ಶಿಕ್ಷಣ ಸೊರಗಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಆದರೆ ಕೇಂದ್ರ ಸರ್ಕಾರವು 1979ರ ನಿಯಮಗಳಲ್ಲಿ, ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಬಹುದೆಂದು ಅನುಮತಿ ಕೊಟ್ಟಿದೆ. ನಾನು ನಿಮ್ಮ ಕಡೆಗೆ ಬರುವ ದಾರಿ ಮುಚ್ಚಿದೆ. ನೀವು ನಮ್ಮ ಕಡೆಗೆ ಬರುವ ದಾರಿ ತೆರೆದಿದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ನಡೆಸುವ ನೆರವಿನ ಕೇಂದ್ರವೊಂದು ಪ್ರತಿ ಕಾಲೇಜಿನಲ್ಲಿಯೂ ಇರಬೇಕೆಂದು 2008ರ ನಿಯಮಗಳೇ ಹೇಳುತ್ತವೆ. ನಮ್ಮ ಕಾಲೇಜಿನಲ್ಲಿ ಅದಕ್ಕೊಂದು ಕೊಠಡಿಯಿದೆ, ಫಲಕವಿದೆ. ಆ ಫಲಕದ ಒಂದು ನಕಲು ನಿಮ್ಮ ಕಚೇರಿಯ ಬಾಗಿಲಿಗೆ ಬರಲಿ ಎಂಬುದು ನನ್ನ ಪ್ರಾರ್ಥನೆ.

ವಕೀಲರು: ನನಗೆ ಸಂಭಾವನೆ ಬೇಡ, ಅದು ಹಾಗಿರಲಿ. ನನ್ನ ಷರತ್ತುಗಳನ್ನು ಬರೆದುಕೋ. ಕಕ್ಷಿದಾರರ ಮೂಲಪತ್ರ ಯಾವ ಕಾರಣಕ್ಕೂ ವಿದ್ಯಾರ್ಥಿಯ ಚೀಲ ಸೇರಕೂಡದು. ನಕಲು ತೆಗೆದು ಅಲ್ಲಿಯೇ, ಅವರ ಕಣ್ಣೆದುರಿಗೇ, ಕೈಗೆ ಹಿಂದಿರುಗಿಸಬೇಕು. ತೋಟದ ಮಾಲೀಕರ ಮನೆಯ ಅಂಗಳದಲ್ಲಿ ಈ ಕೆಲಸ ನಡೆಯಕೂಡದು. ಅವರಲ್ಲಿ ಬಹುಮಂದಿ ನನ್ನ ಸ್ನೇಹಿತರೇ, ಒಳ್ಳೆಯವರೇ, ಆದರೆ ಕೂಲಿ ಕೊಡುವವನು ಕಾಣುವಂತೆ ಕುಳಿತು ಯಾರೂ ಮನಸ್ಸು ಬಿಚ್ಚುವುದಿಲ್ಲ. ಮತ್ತೊಂದು, ನೀನು ಕರಡಿನಲ್ಲಿ ದುಭಾಷಿಯಾಗಿ ಮೇಸ್ತ್ರಿಯನ್ನು ಸೂಚಿಸಿದ್ದೀಯೆ, ಅದನ್ನು ಹೊಡೆದುಹಾಕು.

ಅಧ್ಯಾಪಕಿ: ಎರಡು ಭಾಷೆಯನ್ನೂ ಚೆನ್ನಾಗಿ ಬಲ್ಲವನು ಅವನೊಬ್ಬನೇ ಅಲ್ಲವೆ, ಮಾವ?

ವಕೀಲರು: ಬಲ್ಲವನು ಅವನೇ. ಮುಂಗಡ ಕೊಟ್ಟವನೂ ಅವನೇ, ರೈಲು ಹತ್ತಿಸಿ ಕರೆತಂದವನೂ ಅವನೇ, ಕೂಲಿಯಲ್ಲಿ ಹಿಡಿದುಕೊಳ್ಳುವವನೂ ಅವನೇ. ಮಲೆನಾಡಿನ ತೋಟಗಳಲ್ಲಿ ಈ ವ್ಯವಸ್ಥೆ ಹೊಸತಲ್ಲ. ಮುಂಗಡ ಪಡೆದು ಕೆಲಸ ಬಿಟ್ಟ ಆಳನ್ನು ಸೆರೆಗೆ ಹಾಕುವ 1859ರ ಕಾಯಿದೆಯೊಂದಿತ್ತು; 1925ರಲ್ಲಿ ಅದು ರದ್ದಾಯಿತು, ಆದರೆ ಮುಂಗಡದ ಹಗ್ಗ ಇನ್ನೂ ಬಿಚ್ಚಿಲ್ಲ. ನಿನ್ನ ವಿದ್ಯಾರ್ಥಿ, ಊರಿಗೆ ಹೋಗಬೇಕೆನಿಸುತ್ತದೆಯೇ ಎಂದು ಕೇಳಿದರೆ, ಉತ್ತರವನ್ನು ಮೇಸ್ತ್ರಿ ಹೇಳುತ್ತಾನೆ. ನೋಟೀಸು ಬಂದಿದೆಯೇ ಎಂದು ಕೇಳಿದರೆ, ಬಂದಿದ್ದರೆ ಆಳು ಕೈತಪ್ಪುತ್ತದೆಂದು ಅವನಿಗೆ ಗೊತ್ತು. ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಅವನ ಹಿತವೂ ಆಳಿನ ಹಿತವೂ ಒಂದಲ್ಲ, ಅಷ್ಟೆ. ಇದನ್ನೇ ನಿನ್ನ ಮೊದಲ ಪಾಠವಾಗಿ ಇಟ್ಟುಕೊಳ್ಳಬಹುದು.

ಅಧ್ಯಾಪಕಿ: ಹಾಗಾದರೆ ದುಭಾಷಿ ಯಾರು?

ವಕೀಲರು: ಈ ಸುತ್ತಿನ ಲೈನುಗಳಲ್ಲಿ ಹಲವು ಕೊಯ್ಲುಗಳನ್ನು ಕಂಡ ಹೆಂಗಸರಿದ್ದಾರೆ, ಅವರ ಮಕ್ಕಳು ಇಲ್ಲಿಯ ಶಾಲೆಗೆ ಹೋಗುತ್ತಾರೆ, ಮಕ್ಕಳ ಜೊತೆಯಲ್ಲಿ ಅವರೂ ಕನ್ನಡ ಕಲಿತಿದ್ದಾರೆ. ಹೆಂಗಸರ ಮಾತನ್ನು ಹೆಂಗಸೇ ಹೇಳಲಿ. ಮೊದಲು ಆಕೆಯನ್ನು ಒಂದು ದಿನ ನನ್ನ ಕಚೇರಿಗೆ ಕರೆದು, ಕೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳುವುದು ಹೇಗೆಂದೂ, ಕೇಳಿದ್ದನ್ನು ಹೊರಗೆ ಆಡಕೂಡದೆಂದೂ ತಿಳಿಸಬೇಕು. ಹಾಗೆ ಬಂದ ದಿನ ಆಕೆಯ ಕೂಲಿ ತಪ್ಪುತ್ತದೆ. ಅದನ್ನು ಯಾರು ಕೊಡುತ್ತಾರೆ?

ಅಧ್ಯಾಪಕಿ: ಕಾಲೇಜಿನ ಆಯವ್ಯಯದಲ್ಲಿ ಅಣಕು ನ್ಯಾಯಾಲಯದ ಬಹುಮಾನದ ಪಾತ್ರೆಗಳಿಗೆಂದು ಪ್ರತಿವರ್ಷ ಹಣವಿಡುತ್ತಾರೆ. ಪ್ರಾಚಾರ್ಯರನ್ನು ಸೋಮವಾರ ಕಂಡು, ಅದರಲ್ಲಿ ಒಂದು ಭಾಗವನ್ನು ಇದಕ್ಕೆ ತಿರುಗಿಸಬೇಕೆಂದು ಲಿಖಿತವಾಗಿ ಕೇಳುತ್ತೇನೆ.

ವಕೀಲರು: ತೋಟದಲ್ಲಿ ಆ ದಿನಕ್ಕೆ ಎಷ್ಟು ಕೊಡುತ್ತಾರೆಂದು ರೈಟರನ್ನು ಕೇಳಿ ಅಷ್ಟನ್ನೇ ಬರೆ, ಕಡಮೆ ಬರೆಯಬೇಡ, ಕೊಯ್ಲಿನ ದಿನಗಳಲ್ಲಿ ಹಣ್ಣಿನ ತೂಕದ ಮೇಲೆ ಅವರಿಗೆ ಹೆಚ್ಚು ಸಿಕ್ಕುತ್ತದೆ.